ಸಹಾಯ ಬೇಕು: ಸಪೋರ್ಟ್‌ನಲ್ಲೇ ಟೀಮ್ ಲೀಡ್ ಆಗಲಾ, ಅದೇ ಸಂಬಳಕ್ಕೆ ಎಸ್‌ಆರ್‌ಇ (ಸೈಟ್ ರಿಲಯಬಿಲಿಟಿ ಎಂಜಿನಿಯರ್, ಅಂದರೆ ಸಿಸ್ಟಮ್‌ಗಳು ನಿಲ್ಲದೆ ನಡೆಯುವಂತೆ ನೋಡಿಕೊಳ್ಳುವ) ಕೆಲಸಕ್ಕೆ ಹೋಗಲಾ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸಾಫ್ಟ್‌ವೇರ್ ಕಂಪನಿಯೊಂದರ ಮೈಸೂರಿನ ಸಪೋರ್ಟ್ ಆಫೀಸಿನಲ್ಲಿ ಎಲ್2 (ಎರಡನೇ ಹಂತದ ಸಪೋರ್ಟ್) ಕೆಲಸ ಮಾಡುತ್ತಿದ್ದೇನೆ. ಡೆವಲಪರ್‌ಗಳು, ನಮಗಿಂತ ಮೇಲಿನ ಹಂತದ ಎಲ್3 ಟೀಮ್ ಎಲ್ಲ ಅಮೆರಿಕದಲ್ಲೇ ಇದ್ದಾರೆ. ನಾವು ಲಾಗ್ (ಸಾಫ್ಟ್‌ವೇರ್ ತಾನೇ ಬರೆದಿಡುವ ದಾಖಲೆ) ನೋಡಿ, ತೊಂದರೆ ಎಲ್ಲಿದೆ ಅಂತ ಹುಡುಕಿ ಟಿಕೆಟ್ ಮೇಲಕ್ಕೆ ಕಳಿಸುತ್ತೇವೆ. ಕೋಡ್ ಸರಿಮಾಡುವುದು ಅವರು. ಅಪ್ರೈಸಲ್‌ನಲ್ಲಿ ನೋಡುವುದು ಮುಚ್ಚಿದ ಟಿಕೆಟ್ ಮತ್ತು ಎಸ್‌ಎಲ್‌ಎ (ಗ್ರಾಹಕರಿಗೆ ಒಪ್ಪಿಕೊಂಡ ಸಮಯದೊಳಗೆ ಕೆಲಸ ಮುಗಿಸಿದೆವಾ ಅನ್ನುವುದು) ಮಾತ್ರ. ಲಾಗ್ ಹುಡುಕಲು ನಾನು ಪೈಥಾನ್‌ನಲ್ಲಿ ಬರೆದ ಸ್ಕ್ರಿಪ್ಟನ್ನು ಇಡೀ ಟೀಮ್ ಬಳಸುತ್ತದೆ. ಆದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ನನಗೆ ತುಂಬಾ ಬೇಜಾರಾಗಿರುವುದು ಇದೇ.

ಮ್ಯಾನೇಜರ್ ಹತ್ತಿರ ಮಾತಾಡಿದೆ. ಕಂಪನಿಯೊಳಗಿನ ಬೇರೆ ಹುದ್ದೆಗಳಿಗೂ ಅರ್ಜಿ ಹಾಕಿದೆ. ಆ ಹುದ್ದೆಗಳಿಗೆ ಅಮೆರಿಕದಲ್ಲೇ ಇರಬೇಕು ಅಂದರು. ಲಿನಕ್ಸ್, ಕುಬರ್ನೆಟಿಸ್ ಥರದ ಸರ್ವರ್ ತಂತ್ರಜ್ಞಾನಗಳನ್ನೂ ಕಲಿತೆ.

ಈಗ ಇಲ್ಲೇ ಟೀಮ್ ಲೀಡ್ ಆಗು ಅಂತಿದ್ದಾರೆ. ಸಂಬಳ ಸ್ವಲ್ಪ ಜಾಸ್ತಿ, ಆದರೆ ದಿನವಿಡೀ ಶಿಫ್ಟ್ ರೋಸ್ಟರ್, ರಿಪೋರ್ಟ್. ಇನ್ನೊಂದು ಕಡೆ ಬೆಂಗಳೂರಿನ ಬೇರೆ ಕಂಪನಿಯಲ್ಲಿ ಎಸ್‌ಆರ್‌ಇ ಕೆಲಸ ಸಿಕ್ಕಿದೆ. ಸಂಬಳ ಈಗಿನಷ್ಟೇ, ಮೇಲೆ ಮನೆ ಬಾಡಿಗೆ. ಅಪ್ಪ ಅಮ್ಮ ಮೈಸೂರಿನಲ್ಲೇ ಇರುವುದರಿಂದ ಸುಮ್ನೆ ಹೊರಟುಬಿಡಲು ಆಗುವುದಿಲ್ಲ. ಲೀಡ್ ಆದರೆ ಮತ್ತೆ ಟೆಕ್ನಿಕಲ್ ಕಡೆ ಬರುವುದು ಕಷ್ಟ ಅಲ್ವಾ?

ಸಪೋರ್ಟ್‌ನಿಂದ ಎಸ್‌ಆರ್‌ಇಗೆ ಹೋದವರು ದಯವಿಟ್ಟು ಹೇಳಿ: ಮುಂದಿನ ಬಡ್ತಿಗೆ ನಿಮ್ಮ ಸಪೋರ್ಟ್ ಅನುಭವವನ್ನು ಲೆಕ್ಕಕ್ಕೆ ತಗೊಂಡರಾ, ಇಲ್ಲ ಹೊಸಬರ ಹಾಗೆ ಮೊದಲಿಂದ ಶುರು ಮಾಡಬೇಕಾಯಿತಾ?