ಸೋದರಮಾವನ ಕಾರಿಗೆ ಇಪ್ಪತ್ತು ದಿನದ ವಿಮೆ ಮಾಡಿಸಬೇಕೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಬನಶಂಕರಿಯ ನಿವಾಸಿ, ಸ್ವಂತ ಕಾರಿಲ್ಲ. ತಂಗಿಯ ಮದುವೆಯ ಓಡಾಟಕ್ಕೆಂದು ಮಲ್ಲೇಶ್ವರದ ನಮ್ಮ ಸೋದರಮಾವ ತಮ್ಮ 1200 ಸಿಸಿ ಕಾರನ್ನು ಇಪ್ಪತ್ತು ದಿನ ಕೊಡಲು ಒಪ್ಪಿದ್ದಾರೆ. ಲಂಡನ್ನಿನಲ್ಲಿರುವ ಗೆಳೆಯನೊಬ್ಬ, ಅಲ್ಲಿ ನೆಂಟರ ಕಾರು ಪಡೆದಾಗ ಬೇಕಾದಷ್ಟೇ ದಿನಕ್ಕೆ ತನ್ನ ಹೆಸರಿನಲ್ಲಿ ವಿಮೆ ಕೊಂಡೆನೆಂದು ಹೇಳಿದ. ನಾನು ಯಾವುದನ್ನು ಕೊಳ್ಳಲಿ?

ಉತ್ತರ (ಮೋಟಾರು ವಿಮೆಯ ಸರ್ವೇಯರ್): ನಿಮ್ಮ ಗೆಳೆಯರು ಹೇಳಿದ್ದು ಬ್ರಿಟನ್ನಿನ ಮಟ್ಟಿಗೆ ಸರಿ. ಅಲ್ಲಿ ವಿಮೆಯು ಸಾಮಾನ್ಯವಾಗಿ ಪಾಲಿಸಿಯಲ್ಲಿ ಹೆಸರಿರುವ ಚಾಲಕರಿಗೆ ಸಲ್ಲುತ್ತದೆ. ಆದ್ದರಿಂದಲೇ ದಿನದ ಲೆಕ್ಕದ ವಿಮೆಗೆ ಅಲ್ಲಿ ಗಿರಾಕಿಗಳಿದ್ದಾರೆ. ನಮ್ಮಲ್ಲಿ ವಿಮೆ ಇರುವುದು ವಾಹನದ ಮೇಲೆ. ಮಾವನವರ ಪಾಲಿಸಿ ಚಾಲ್ತಿಯಲ್ಲಿದ್ದು, ನಿಮ್ಮ ಬಳಿ ಊರ್ಜಿತವಾದ ಡಿಎಲ್ ಇದ್ದು, ಅವರ ಒಪ್ಪಿಗೆಯಿಂದ ನೀವು ಓಡಿಸುತ್ತಿದ್ದರೆ, ಅದೇ ಪಾಲಿಸಿ ನಿಮ್ಮ ಚಾಲನೆಗೂ ಅನ್ವಯಿಸುತ್ತದೆ. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ; ಇರುವುದನ್ನು ಓದಬೇಕು.

ಮೊದಲು ಅದು ಥರ್ಡ್ ಪಾರ್ಟಿ ಮಾತ್ರವೋ ಫುಲ್ ಇನ್ಶೂರೆನ್ಸೋ ನೋಡಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿಯನ್ನಷ್ಟೇ. ಅದೊಂದೇ ಇದ್ದರೆ ಎದುರಿನವರ ನಷ್ಟ ವಿಮೆಯಿಂದ ತುಂಬುತ್ತದೆ, ಮಾವನವರ ಕಾರಿನ ರಿಪೇರಿ ನಿಮ್ಮ ಜೇಬಿಗೆ ಬರುತ್ತದೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸುವ ನಿಯಮವಿರುವುದರಿಂದ, ‘ವಿಮೆ ಇನ್ನೂ ಇದೆ’ ಎಂದು ಮಾಲೀಕರು ನಂಬಿಕೊಂಡಿರುವಾಗಲೇ ಸ್ವಂತ ಹಾನಿಯ ಭಾಗ, ಅಂದರೆ ಆ ಕಾರಿನದೇ ರಿಪೇರಿಗೆ ಸಲ್ಲುವ ವಿಮೆ, ಮುಗಿದುಹೋಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಎರಡೂ ಭಾಗಗಳು ಮುಗಿಯುವ ದಿನಾಂಕಗಳನ್ನು ಬೇರೆ ಬೇರೆಯಾಗಿ ನೋಡಿ. ಕಿಲೋಮೀಟರ್ ಲೆಕ್ಕದ ಪಾಲಿಸಿಯಾಗಿದ್ದರೆ ಎಷ್ಟು ಕಿಲೋಮೀಟರ್ ಉಳಿದಿದೆ ಎಂಬುದನ್ನೂ ಕೇಳಿಕೊಳ್ಳಿ, ಏಕೆಂದರೆ ಮದುವೆಯ ಓಡಾಟ ಮಿತಿಯೊಳಗೆ ನಿಲ್ಲುವಂಥದ್ದಲ್ಲ.

ಎಲ್ಲರೂ ಮರೆಯುವುದು ಚಾಲಕನ ಜೀವವನ್ನು. ಪಾಲಿಸಿಯಲ್ಲಿ ಕಾಣುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ, ಸ್ವತಃ ಚಾಲನೆ ಮಾಡುವ ನೋಂದಾಯಿತ ಮಾಲೀಕನಿಗೆ, ಅಂದರೆ ನಿಮ್ಮ ಮಾವನವರಿಗೆ ಮಾತ್ರ ಸೇರಿದ್ದು. ಅದು ನಿಮಗೂ ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ. ಇಳಕಲ್ಲಿನಿಂದ ಎರವಲು ಬೈಕಿನಲ್ಲಿ ಹೊರಟು ಎತ್ತಿನಗಾಡಿಗೆ ಡಿಕ್ಕಿಯಾಗಿ ಸತ್ತವರೊಬ್ಬರ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್, ವಾಹನವನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಪರಿಹಾರ ಕೊಡಿಸುತ್ತಿದ್ದ ಆ ಕಾಯ್ದೆಯ ಆಗಿನ ಕಲಂ 163ಎ ಅಡಿಯಲ್ಲಿ ಅವನ ಮನೆಯವರು ಪರಿಹಾರ ಕೇಳಲಾಗದು ಎಂದಿತು. ಹಾಗಾಗಿ ನೀವು ನಿಜಕ್ಕೂ ಕೊಳ್ಳಬೇಕಾದ ವಿಮೆ ಒಂದಿದ್ದರೆ ಅದು ನಿಮ್ಮ ಹೆಸರಿನ ವೈಯಕ್ತಿಕ ಅಪಘಾತ ಪಾಲಿಸಿ. ಅದು ಯಾವ ಕಾರಿಗೂ ಕಟ್ಟುಬಿದ್ದದ್ದಲ್ಲ.

ಇನ್ನೊಂದು ಮಾತು: ಮುಲಾಜಿಗೆಂದು ಮಾವನವರಿಗೆ ದಿನಬಾಡಿಗೆ ಕೊಡಬೇಡಿ. ವೈಟ್ ಬೋರ್ಡ್ ಕಾರು ಬಾಡಿಗೆಗೆ ಓಡಿದರೆ ಕ್ಲೇಮು ತಿರಸ್ಕರಿಸಲು ಅದೇ ಕಾರಣವಾಗುತ್ತದೆ.

ಮರುಪ್ರಶ್ನೆ: ಧನ್ಯವಾದ ಸರ್. ಪಾಲಿಸಿ ನೋಡಿದೆ, ಫುಲ್ ಇನ್ಶೂರೆನ್ಸ್ ಇದೆ, 50% ಎನ್‌ಸಿಬಿ (ನೋ ಕ್ಲೇಮ್ ಬೋನಸ್) ಎಂದಿದೆ. ಬಂಪರ್ ತಾಗಿದರೆ ಕ್ಲೇಮು ಮಾಡಬಹುದಲ್ಲವೇ? ನನ್ನ ಹೆಂಡತಿಗೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾತ್ರ ಇದೆ, ಅವಳೂ ಓಡಿಸಬಹುದೇ?

ಉತ್ತರ: ಮಾಡಬಹುದು, ಆದರೆ ಮಾಡುವ ಮುನ್ನ ಲೆಕ್ಕ ಹಾಕಿ. ಆ 50% ರಿಯಾಯಿತಿ ಐದು ವರ್ಷ ಒಂದೂ ಕ್ಲೇಮಿಲ್ಲದೆ ಮಾವನವರು ಗಳಿಸಿದ್ದು. ಸ್ವಂತ ಹಾನಿಯ ಪ್ರೀಮಿಯಂ 12,000 ರೂಪಾಯಿ ಎಂದಿಟ್ಟುಕೊಂಡರೆ ಅವರು ಈಗ ಕಟ್ಟುತ್ತಿರುವುದು 6,000. ನೀವು ಒಂದು ಕ್ಲೇಮು ಮಾಡಿದರೆ ಮುಂದಿನ ನವೀಕರಣದಲ್ಲಿ ಪೂರ್ತಿ 12,000 ಕಟ್ಟಬೇಕು, ಅಲ್ಲಿಂದ 20% ರಿಯಾಯಿತಿಯ ಮೆಟ್ಟಿಲಿನಿಂದ ಮತ್ತೆ ಹತ್ತಬೇಕು. ಎನ್‌ಸಿಬಿ ಉಳಿಸುವ ಆ್ಯಡ್-ಆನ್ ಇದ್ದರೆ ಮಾತು ಬೇರೆ. 1500 ಸಿಸಿ ಒಳಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ 1,000 ರೂಪಾಯಿ ಹೇಗೂ ಕಡಿತವಾಗುತ್ತದೆ. ಏಳೆಂಟು ಸಾವಿರದ ಬಂಪರ್ ಕೆಲಸವನ್ನು ನೀವೇ ಮಾಡಿಸಿಕೊಡುವುದು ನೆಂಟಸ್ತಿಕೆಗೂ ಒಳ್ಳೆಯದು. ಎಷ್ಟರವರೆಗೆ ನಿಮ್ಮದು, ಎಷ್ಟರ ಮೇಲೆ ವಿಮೆಯದು ಎಂಬುದನ್ನು ಕೀಲಿ ಪಡೆಯುವ ದಿನವೇ ಮಾತಾಡಿಕೊಳ್ಳಿ.

ನಿಮ್ಮ ಪತ್ನಿಯವರು ಓಡಿಸಬಹುದು, ಆದರೆ ಎಲ್ ಬೋರ್ಡ್ ಹಾಕಿ, ಪಕ್ಕದಲ್ಲಿ ಪೂರ್ಣ ಲೈಸೆನ್ಸ್ ಇರುವವರನ್ನು ಕೂರಿಸಿಕೊಂಡು ಮಾತ್ರ. ಎಲ್‌ಎಲ್ ಅವಧಿ ಆರು ತಿಂಗಳು. ಅದು ಮುಗಿದಿದ್ದರೆ ಅವರ ಕೈಗೆ ಸ್ಟೇರಿಂಗ್ ಕೊಡಲೇಬೇಡಿ.