ಕೀಮೋ ಆದ ಮೇಲೆ ಲೇಸರ್ ಟೊಪ್ಪಿ ತಗೊಳ್ಳಬೇಕಾ? ಗೊತ್ತಿದ್ದವರು ಹೇಳಿ

ನಾವು ಹೊಸನಗರದ ಕಡೆಯವರು. ಅಮ್ಮನಿಗೆ ಸ್ತನ ಕ್ಯಾನ್ಸರ್, ಹೋದ ತಿಂಗಳು ಕೀಮೋ ಮುಗಿಯಿತು. ತಲೆಯಲ್ಲಿ ಒಂದು ಕೂದಲೂ ಇಲ್ಲ. ದೀಪಾವಳಿ ಕಳೆದ ಮೇಲೆ ತಂಗಿ ಮದುವೆ. ಕೆಂಪು ಬೆಳಕಿನ ಟೊಪ್ಪಿ ಹಾಕಿಕೊಂಡರೆ ಬೇಗ ಕೂದಲು ಬರುತ್ತೆ ಅಂತ ಜಾಹೀರಾತು ನೋಡಿದೆ. ತಗೊಳ್ಳಲಾ?

ಶಿವಮೊಗ್ಗದಿಂದ:
ಅದೇ ಕಾಯಿಲೆ ಅನುಭವಿಸಿದವಳು ನಾನು, ಅದಕ್ಕೇ ಬರೀತಿದ್ದೇನೆ. ಸದ್ಯಕ್ಕೆ ದುಡ್ಡು ಹಾಕಬೇಡಿ. ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನೆಲ್ಲ ಹೊಡೆಯುತ್ತೆ, ಕೂದಲಿನ ಬುಡದವೂ ಅದರಲ್ಲಿ ಸೇರುತ್ತವೆ, ಆದರೆ ಸಾಮಾನ್ಯವಾಗಿ ಬುಡ ಸತ್ತು ಹೋಗುವುದಿಲ್ಲ. ಔಷಧಿ ನಿಂತ ಮೇಲೆ ಮೂರರಿಂದ ಆರು ತಿಂಗಳೊಳಗೆ ತಾನಾಗೇ ಚಿಗುರುತ್ತೆ, ಆಮೇಲೆ ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತೆ. ಈಗ ಟೊಪ್ಪಿ ಹಾಕಿದರೆ, ಕೂದಲು ಅದರಿಂದ ಬಂತೋ ಬರುವ ಕಾಲಕ್ಕೆ ಬಂತೋ ಅಂತ ಹೇಗೆ ಗೊತ್ತಾಗಬೇಕು?

ಜಾಹೀರಾತಿನಲ್ಲಿ ಎಫ್‌ಡಿಎ ಹೆಸರು ಇರುತ್ತೆ, ಅಲ್ವಾ? ಔಷಧಿ, ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡುವ ಅಮೆರಿಕದ ಆ ಸರ್ಕಾರಿ ಸಂಸ್ಥೆ 2007ರಲ್ಲಿ ಇದೇ ತರದ ಬೆಳಕು ಬಿಡುವ ಲೇಸರ್ ಬಾಚಣಿಗೆಗೆ ಅನುಮತಿ ಕೊಟ್ಟಿದ್ದು ವಂಶದಿಂದ ಬರುವ ಬೊಕ್ಕತಲೆಗೆ, ಅದೂ ಗಂಡಸರಿಗೆ. ಹೆಂಗಸರಿಗೆ 2011ರಲ್ಲಿ. ಕೀಮೋದಿಂದ ಹೋದ ಕೂದಲಿನ ಮಾತೇ ಬೇರೆ. ಕೀಮೋ ಕೊಟ್ಟ ಇಲಿಗಳಲ್ಲಿ ಈ ಬೆಳಕಿನಿಂದ ಬೇಗ ಕೂದಲು ಬಂದಿದ್ದು ನಿಜ, ಮನುಷ್ಯರ ವಿಷಯದಲ್ಲಿ ಅಷ್ಟು ಗಟ್ಟಿ ಪುರಾವೆ ಇಲ್ಲ.

ನನಗೆ ಮೊದಲು ಬಂದಿದ್ದು ಕಿವಿ ಹಿಂದೆ, ಕುತ್ತಿಗೆ ಹತ್ತಿರ. ಬೂದು ಬಣ್ಣದ ಮೆತ್ತನೆ ಕೂದಲು, ಕಿಟಕಿ ಹತ್ತಿರ ನಿಂತರೆ ಮಾತ್ರ ಕಾಣುತ್ತಿತ್ತು. ಆಮೇಲೆ ಬಂದಿದ್ದು ಪೂರ್ತಿ ಗುಂಗುರು, ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದ್ದು. ಅಮ್ಮನಿಗೂ ಹೀಗಾದರೆ ಹೆದರಬೇಡಿ, ಎಷ್ಟೋ ಜನರಿಗೆ ಹಾಗೇ ಬರುತ್ತೆ.

ಸಾಗರದಿಂದ:
ಒಂದು ಸೇರಿಸುತ್ತೇನೆ. ತಲೆ ತಣ್ಣಗಿಡುವ ಕೂಲಿಂಗ್ ಕ್ಯಾಪ್ ಬೇರೆ, ಇದು ಬೇರೆ. ಅದನ್ನು ಕೀಮೋ ಡ್ರಿಪ್ ಹಾಕುವಾಗಲೇ ಹಾಕಬೇಕು. ತಣ್ಣಗಾದರೆ ರಕ್ತನಾಳ ಕುಗ್ಗಿ ಬುಡಕ್ಕೆ ಹೋಗುವ ಔಷಧಿ ಕಡಿಮೆಯಾಗುತ್ತೆ. ಎಲ್ಲರಿಗೂ ಫಲ ಕೊಡುವುದಿಲ್ಲ. ನಿಮ್ಮ ಅಮ್ಮನಿಗೆ ಆ ಸಮಯ ಮುಗಿಯಿತು, ಆದರೆ ಇದನ್ನು ಓದುವವರಲ್ಲಿ ಕೀಮೋ ಇನ್ನೂ ಶುರುವಾಗದವರಿದ್ದರೆ ಮೊದಲೇ ಡಾಕ್ಟ್ರ ಹತ್ತಿರ ವಿಚಾರಿಸಿ.

ತೀರ್ಥಹಳ್ಳಿಯಿಂದ:
ನಮ್ಮ ಅತ್ತಿಗೆಗೆ ಆರು ತಿಂಗಳು ಕಳೆದರೂ ನೆತ್ತಿ ಮೇಲೆ ತೆಳ್ಳಗೇ ಇತ್ತು. ಡಾಕ್ಟ್ರು ಥೈರಾಯ್ಡ್, ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಿದರು. ಲೆಟ್ರೊಜೋಲ್ ತರದ ಹಾರ್ಮೋನ್ ಮಾತ್ರೆಯಿಂದಲೂ ಕೂದಲು ತೆಳುವಾಗುತ್ತೆ, ಹಾಗಂತ ಸುಮ್ನೆ ಮಾತ್ರೆ ಬಿಡಬಾರದು. ಡೋಸಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧಿ ತಗೊಂಡವರಲ್ಲಿ ಕೆಲವರಿಗೆ ಮಾತ್ರ ಪೂರ್ತಿ ಬಾರದೇ ಇರುವುದುಂಟು. ಆಗ ಬೇಕಾದರೆ ಚರ್ಮದ ಡಾಕ್ಟ್ರನ್ನು ಕೇಳಿ ಬೆಳಕಿನ ವಿಚಾರ ಮಾಡಿ, ಕ್ಯಾನ್ಸರ್ ಡಾಕ್ಟ್ರ ಒಪ್ಪಿಗೆ ಇರಲಿ.

ಸದ್ಯಕ್ಕೆ ಈ ಮಳೆಗೆ ಅಮ್ಮನ ತಲೆ ಬೆಚ್ಚಗಿಡಿ. ಉಲ್ಲನ್ ಟೊಪ್ಪಿ ಚುಚ್ಚುತ್ತೆ, ಒಳಗೆ ಹಳೇ ಹತ್ತಿ ಪಂಚೆ ತುಂಡು ಕಟ್ಟಿ. ಮದುವೆಗೆ ವಿಗ್ ಬೇಕಾ, ಸೀರೆಗೆ ಹೊಂದುವ ಸ್ಕಾರ್ಫ್ ಸಾಕಾ, ಅದನ್ನು ಅಮ್ಮನನ್ನೇ ಕೇಳಿ.