ಹೃದಯಾಘಾತದ ನಂತರದ ‘ಬದುಕುಳಿಯುವಿಕೆ’: ಇದಕ್ಕಿಂತ ಒಳ್ಳೆಯ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ.

ಹೃದಯಾಘಾತವಾದವರು ಮುಂದೆ ಎಷ್ಟು ಕಾಲ ಬದುಕುತ್ತಾರೆ, ಅವರಿಗೆ ಸಿಕ್ಕ ಚಿಕಿತ್ಸೆ ಎಷ್ಟು ಚೆನ್ನಾಗಿತ್ತು ಅನ್ನೋದನ್ನು ಹೇಗೆ ಅಳೆಯುತ್ತಾರೆ? ಸಾಮಾನ್ಯ ಓದುಗರಿಗಾಗಿ ಇದರ ಬಗ್ಗೆ ಬರೆಯುತ್ತಿದ್ದೇನೆ. ಮೂರು ಕಡೆ ಸರಿಯಾದ ಪದ ಸಿಗದೆ ನಿಂತಿದ್ದೇನೆ.

ಮೊದಲನೆಯದು ‘ಬದುಕುಳಿಯುವಿಕೆ’. ಬಸ್ಸು ಅಪಘಾತದಲ್ಲಿ ಬದುಕುಳಿದರು, ಪ್ರವಾಹದಲ್ಲಿ ಬದುಕುಳಿದರು ಅಂತೀವಿ. ಅಪಾಯ ಬಂತು, ಪಾರಾದರು, ಅಲ್ಲಿಗೆ ಮುಗಿಯಿತು. 30 ದಿನಗಳ ಲೆಕ್ಕಕ್ಕೆ ಈ ಪದ ಸರಿ. 2004ರಿಂದ 2010ರವರೆಗಿನ ದಾಖಲೆಗಳನ್ನು ಹೋಲಿಸಿದಾಗ, ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರಲ್ಲಿ 30 ದಿನದೊಳಗೆ ತೀರಿಕೊಂಡವರು ಸ್ವೀಡನ್ನಿನಲ್ಲಿ ಶೇ 7.6, ಬ್ರಿಟನ್ನಿನಲ್ಲಿ ಶೇ 10.5. ಇಲ್ಲಿ ಉಳಿದವರನ್ನು ‘ಬದುಕುಳಿದವರು’ ಅಂದರೆ ತೊಡಕಿಲ್ಲ. ಆದರೆ 5 ವರ್ಷ, 10 ವರ್ಷದ ಲೆಕ್ಕ ಬಂದಾಗ ಪದ ಚಿಕ್ಕದಾಗುತ್ತದೆ. ‘ಬಾಳಿಕೆ’ ಅಂತ ಬರೆದು ನೋಡಿದೆ. ಅದು ಚಪ್ಪಲಿಗೆ, ಬಟ್ಟೆಗೆ, ಮೋಟಾರಿಗೆ ಹೇಳುವ ಮಾತು, ಮನುಷ್ಯರಿಗೆ ಹೇಳಲು ಮನಸ್ಸು ಬರಲಿಲ್ಲ. ‘ಆಯಸ್ಸು’ ಅಂದರೆ ‘ಆಯಸ್ಸು ಗಟ್ಟಿ ಇತ್ತು, ಉಳಿದ’ ಅನ್ನೋ ಹಣೆಬರಹದ ಅರ್ಥ ಜೊತೆಗೇ ಬರುತ್ತದೆ. ನನಗೆ ಹೇಳಬೇಕಿರುವುದು ಚಿಕಿತ್ಸೆಯಿಂದ ಆದ ವ್ಯತ್ಯಾಸದ ಬಗ್ಗೆ. ಸದ್ಯಕ್ಕೆ ‘ಉಳಿವು’ ಅಂತ ಇಟ್ಟುಕೊಂಡಿದ್ದೇನೆ.

ಎರಡನೆಯದು ಜಾಸ್ತಿ ಕಷ್ಟ. ಹೃದಯಾಘಾತವಾದವರಲ್ಲಿ ವಯಸ್ಸಾದವರು ಬಹಳ. 5 ವರ್ಷದಲ್ಲಿ ತೀರಿಕೊಂಡವರಲ್ಲಿ ಕೆಲವರು ಹೃದಯಾಘಾತ ಆಗದಿದ್ದರೂ ಬೇರೆ ಕಾರಣಕ್ಕೆ ಹೋಗಿಬಿಡುತ್ತಿದ್ದರು, ಅಲ್ವಾ? ಅದಕ್ಕೇ ಅದೇ ವಯಸ್ಸಿನ ಸಾಮಾನ್ಯ ಜನರ ಜೊತೆ ಹೋಲಿಸುತ್ತಾರೆ, ಗಂಡಸರನ್ನು ಗಂಡಸರ ಜೊತೆ, ಹೆಂಗಸರನ್ನು ಹೆಂಗಸರ ಜೊತೆ. ಸುಮ್ನೆ ಲೆಕ್ಕ ತಿಳಿಯಲಿ ಅಂತ ಹೇಳುತ್ತೇನೆ: ಹೃದಯಾಘಾತವಾದ 100 ಜನರಲ್ಲಿ 5 ವರ್ಷದ ಮೇಲೆ 60 ಜನ ಇದ್ದಾರೆ, ಅವರ ವಯಸ್ಸಿನ ಬೇರೆ 100 ಜನರಲ್ಲಿ 75 ಜನ ಇದ್ದಾರೆ ಅಂತಿಟ್ಟುಕೊಳ್ಳಿ. 60ನ್ನು 75ರಿಂದ ಭಾಗಿಸಿದರೆ ಶೇ 80. ಇದಕ್ಕೆ ‘ಸಾಪೇಕ್ಷ ಬದುಕುಳಿಯುವಿಕೆ’ ಅಂದರೆ ತಪ್ಪೇನಲ್ಲ, ಆದರೆ ಯಾರ ಜೊತೆ ಹೋಲಿಕೆ ಅನ್ನೋದೇ ಅದರಲ್ಲಿ ಕಾಣುವುದಿಲ್ಲ. ‘ಓರಗೆಯವರು’ ಅನ್ನೋ ಒಳ್ಳೆಯ ಪದ ನಮ್ಮಲ್ಲಿದೆ. ‘ಓರಗೆಯವರಿಗೆ ಹೋಲಿಸಿದ ಉಳಿವು’ ಅಂದರೆ ಅರ್ಥವಾಗುತ್ತದಾ? ಉದ್ದವಾಯಿತು, ನಿಜ. ‘ಓರಗೆ ಉಳಿವು’ ಅಂತ ಚಿಕ್ಕದು ಮಾಡಿದರೆ ವ್ಯಾಕರಣ ಒಪ್ಪುತ್ತದಾ, ತಿಳಿದವರು ಹೇಳಿ.

ಮೂರನೆಯದು ಚಿಕಿತ್ಸೆಯ ಗುಣಮಟ್ಟ. ಇಸಿಜಿ ಬೇಗ ಮಾಡಿದರಾ, ಹೆಪ್ಪು ಕರಗಿಸುವ ಇಂಜೆಕ್ಷನ್ ಅಥವಾ ಸ್ಟೆಂಟ್ ಹೊತ್ತಿಗೆ ಸರಿಯಾಗಿ ಸಿಕ್ಕಿತಾ, ಮನೆಗೆ ಕಳಿಸುವಾಗ ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಬರೆದುಕೊಟ್ಟರಾ, ಸಿಗರೇಟು ಬಿಡಿಸಲು ನೆರವಾದರಾ, ಇದೆಲ್ಲ ಅದರಲ್ಲಿ ಸೇರುತ್ತದೆ. ‘ಚಿಕಿತ್ಸೆ’ ಅಂದರೆ ಕೊನೆಯದು ಬಿಟ್ಟುಹೋಗುತ್ತದೆ. ‘ಆರೈಕೆ’ ಅಂದರೆ ಬಾಣಂತಿ ಆರೈಕೆ ನೆನಪಾಗುತ್ತದೆ. ಜನ ‘ಆಸ್ಪತ್ರೆಯಲ್ಲಿ ಚೆನ್ನಾಗಿ ನೋಡಿಕೊಂಡರು’ ಅಂತಾರೆ. ಆದರೆ ಅದರಲ್ಲಿ ನಗುಮುಖದ ಮಾತು, ಚೊಕ್ಕ ಹಾಸಿಗೆ ಎದ್ದು ಕಾಣುತ್ತವೆ, ಔಷಧಿ ಬಿಟ್ಟುಹೋಗಿದ್ದು ಕಾಣುವುದಿಲ್ಲ.

ಈ ಪದದ ಬಗ್ಗೆ ನಾನು ಇಷ್ಟು ಹಟ ಹಿಡಿಯಲು ಕಾರಣ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರು ಮುಂದೆ ನಿಂತು, ದೇಶದ 89 ಕೇಂದ್ರಗಳ 20,468 ರೋಗಿಗಳನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ‘ಕ್ರಿಯೇಟ್’ ಅಧ್ಯಯನದಲ್ಲಿ 30 ದಿನದೊಳಗೆ ತೀರಿಕೊಂಡವರು ಬಡವರಲ್ಲಿ ಶೇ 8.2, ಶ್ರೀಮಂತರಲ್ಲಿ ಶೇ 5.5. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ಅಂತರವೇ ಉಳಿಯಲಿಲ್ಲ. ಇದನ್ನು ಓದುವ ಕನ್ನಡಿಗರಿಗೆ ಬಡವರಿಗೆ ಏನು ಸಿಗಲಿಲ್ಲ ಅನ್ನೋದು ಒಂದೇ ಪದದಲ್ಲಿ ತಿಳಿಯಬೇಕು.

‘ಉಪಚಾರ’ ಹೊಂದುತ್ತದಾ? ಉತ್ತರ ಕರ್ನಾಟಕದ ಕಡೆಯವರು ಚಿಕಿತ್ಸೆ ಅನ್ನೋ ಅರ್ಥದಲ್ಲಿ ಅದನ್ನು ಈಗಲೂ ಬಳಸುತ್ತೀರಾ? ನಿಮ್ಮ ಮನೆಯಲ್ಲಿ ಹಿರಿಯರು ಹೇಗೆ ಹೇಳುತ್ತಾರೆ ಅಂತಲೂ ತಿಳಿಸಿ.